ಏಳನೇ ಗಡಿಗಿಯ ಬಿಳಿ ಗುಲಾಬಿ

ಆಳಂದದಾಗ ಕೌದಿ ಹೊಲಿಯೋ ಸಾಬವ್ವನ ಮನಿ ಎಲ್ಲದ ಅಂತ ಕೇಳಿದ್ರ ಯಾರೂ ತೋರಸ್ತಿರಲಿಲ್ಲ. ಇಲಿ ಸಾಬವ್ವ ಅನ್ನಬೇಕು, ಆಗ ಸಣ್ಣ ಕೂಸು ಸೈತ ಕೈ ಮಾಡಿ ತೋರಸ್ತಿತ್ತು. ಎಲ್ಲಿ ಸತ್ತ ಇಲಿ ಕಂಡ್ರೂ, ಅದು ಬೆಕ್ಕು ಕಡಿದು ಬಿಟ್ಟದ್ದೇ ಇರಲಿ, ಸೆರಗು ಸೊಂಟಕ್ಕ ಸಿಕ್ಕಿಸಿಕೊಂಡು ಓಣಿ ತುಂಬ ಒದರತಾ ಓಡಾಕಿ. "ಇಲಿ ಬಿದ್ದದ್ರೋ! ಎದ್ದೇಳ್ರೋ, ಇಲಿ ಬಿದ್ದದ!" ಮಂದಿ ಹೊಟ್ಟಿ ಹಿಡಕೊಂಡು ನಗತಿದ್ರು. ಬೇಕಂತಲೇ ಸತ್ತ ಇಲಿ ತಂದು ಆಕಿ ಕಟ್ಟಿ ಮ್ಯಾಲ ಇಟ್ಟು ಮಜಾ ನೋಡೋ ಹಲ್ಕಟ್ಟಗೋಳೂ ಇದ್ವು. ನಗಲಿ ಬಿಡ್ರಿ, ನಗೋರಿಗೆ ಏನು ಗೊತ್ತು? ಆಕಿ ಯಾಕ ಓಡತಾಳ ಅನ್ನೋದು ಗೊತ್ತಿದ್ದಾಂವ ಇಡೀ ಊರಾಗ ಒಬ್ಬನೇ ಇದ್ದ. ಅವನು ಯಾರ ಮುಂದೂ ಬಾಯಿ ಬಿಡಲಿಲ್ಲ.

ಸಾಬವ್ವನ ಗಂಡ ದತ್ತಪ್ಪ ಮದುವಿಯಾದ ಆರು ವರ್ಷಕ್ಕ ತೀರಿಕೊಂಡಿದ್ದ. ಮಕ್ಕಳಿಲ್ಲ, ಮರಿಯಿಲ್ಲ. ಹಳೇ ಸೀರಿ ಜೋಡಿಸಿ ಕೌದಿ ಹೊಲಿದು ಹೊಟ್ಟಿ ಹೊರಕೋತಿದ್ಳು. ಮನಿ ಅಂದ್ರ ಒಂದು ಪಡಸಾಲಿ, ಒಂದು ಅಡಗಿಮನಿ, ಹಿಂದ ನಾಕು ಹೆಜ್ಜಿ ಉದ್ದ, ಮೂರು ಹೆಜ್ಜಿ ಅಗಲದ ಹಿತ್ತಲ. ಆ ಹಿತ್ತಲದಾಗ ಬಾಯಿ ಒಡೆದ ಹನ್ನೊಂದು ಗಡಿಗಿಯೊಳಗ ಸಾಲಾಗಿ ಬಿಳಿ ಗುಲಾಬಿ. ಮೊಳಕಾಲಿಗಿಂತ ಮ್ಯಾಲ ಏಳಲಾರದ ಗಿಡ್ಡ ಜಾತಿ ಅದು. ಹೂವೂ ಸಣ್ಣದೇ, ಆದ್ರ ಮೈತುಂಬ ಬಿಡ್ತಿತ್ತು. ದಸರಾ ಮುಗಿದ ಮರುದಿನ ಕತ್ತರಿಸಿ, ಮಣ್ಣು ಸಡಿಲ ಮಾಡಿ, ಕುರಿ ಹಿಕ್ಕಿ ಹಾಕಿದ್ರ ಎಳ್ಳಮಾಸಿ ಹಬ್ಬಕ್ಕ ಹಿತ್ತಲ ಬೆಳ್ಳಗ ಆಗ್ತಿತ್ತು. ದೊಡ್ಡ ತೋಟದವರು ಸೈತ ಬಂದು ನೋಡಿ, ಬಾಯಿ ಮ್ಯಾಲ ಬೊಟ್ಟಿಟ್ಟು ಹೋಗ್ತಿದ್ರು.

ಇದರ ಮೊದಲ ಟೊಂಗಿ ತಂದು ಕೊಟ್ಟಾಂವ ಬಾಜೂ ಮನಿ ಇಮಾಮಸಾಬ. ಬಾಡಿಗಿ ಬಂಡಿ ಹೊಡಿಯಾಂವ, ಅಫಜಲಪುರಕ್ಕ ಹೋದಾಗ ಯಾವುದೋ ಬಾವಿ ದಂಡಿ ಮ್ಯಾಲಿಂದ ಮುರಕೊಂಡು ಬಂದಿದ್ದ. ಅವನ ಹೆಂಡತಿ ನಜಮುನ್ನಿಸಾ ಸಾಬವ್ವನಕಿಂತ ಎಂಟು ವರ್ಷ ಸಣ್ಣಾಕಿ. ದಿನಾ ಮುಂಜಾನಿ ಎರಡು ಹಿತ್ತಲದ ನಡುವಿನ ಗಿಡ್ಡ ಗ್ವಾಡಿ ದಾಟಿ ಬಂದು, ಏಳನೇ ಗಡಿಗಿ ಮುಂದ ಕುಕ್ಕರಗಾಲಿಲೆ ಕುಂತು ಎಲಿ ಹೊಳ್ಳಿಸಿ ಹುಳ ಆರಸ್ತಿದ್ಳು. "ಅಕ್ಕಾ, ನಿನ್ನ ಮಕ್ಕಳಿಗೆ ಹೇನು ಹತ್ಯಾವ ನೋಡಬೇ," ಅಂತ ಚ್ಯಾಷ್ಟಿ ಮಾಡ್ತಿದ್ಳು. ಏಳನೇ ಗಿಡದ ಮ್ಯಾಲ ಆಕಿಗೆ ಭಾಳ ಜೀವ.

ಸಾಬವ್ವಗ ಒಂದು ಚಾಳಿ ಇತ್ತು. ಸತ್ತ ಗುಬ್ಬಿ ಸಿಗಲಿ, ಓತಿಕ್ಯಾತ ಸಿಗಲಿ, ಗುಲಾಬಿ ಬುಡಕ್ಕ ಹುಗಿಯಾಕಿ. ನಜಮುನ್ನಿಸಾನ ಅಡಗಿಮನಿಯಿಂದ ಎಲುಬೂ ಇಸಕೊಂಡು ಬರ್ತಿದ್ಳು. "ಕೊಳ್ಳಾಗ ಲಿಂಗ ಕಟ್ಟಿದಾಕಿ ಎಲುಬು ಮುಟ್ಟತೀಯಲ್ಲಕ್ಕಾ!" ಅಂದ್ರ, "ನಾ ಎಲ್ಲಿ ತಿಂತೇನಿ? ನನ್ನ ಗಿಡ ತಿಂತಾವ," ಅಂತಿದ್ಳು.

ಆ ಕಾಲಕ್ಕ ಪಿಳೇಗು ಅಂದ್ರ ಗಂಡಸರ ಎದಿನೂ ಧಸಕ್ ಅಂತಿತ್ತು. ಮೊದಲು ಇಲಿ ಬೀಳತಿದ್ವು, ಆಮ್ಯಾಲ ಮನುಷ್ಯಾರು. ಜ್ವರ ಬಂದು, ಬಗಲಾಗ ಇಲ್ಲಾ ತೊಡಿ ಸಂದ್ಯಾಗ ಗಡ್ಡಿ ಎದ್ದು, ಮೂರು ನಾಕು ದಿನದಾಗ ಮುಗೀತು. ಅದಕ್ಕಂತ ಒಂದು ಕಾಯ್ದೆ ಇತ್ತು, ಸತ್ತವರು ಕಲಿಸಿ ಹೋದದ್ದು. ಯಾರ ಮನ್ಯಾಗ ಇಲಿ ಬಿತ್ತೋ ಅವರು ಆ ತಾಸಿಗೇ ಓಣಿಗೆ ಸಾರಬೇಕು. ಹೊತ್ತು ಮುಳುಗೋದರಾಗ ಎಲ್ಲಾರೂ ಮನಿ ಬಿಟ್ಟು ಹೊಲದಾಗ ಗುಡಸಲ ಹಾಕಬೇಕು. ಎರಡು ತಿಂಗಳು ಒಳಗ ಕಾಲಿಡಂಗಿಲ್ಲ.

ಈಗ ಹೇಳೋ ಸಂಗತಿಗಿಂತ ಐದು ವರ್ಷ ಮೊದಲು ಹಂಗೇ ಆಗಿತ್ತು. ಹೊಲದಿಂದ ತಿರುಗಿ ಬಂದು ನೋಡಿದ್ರ ಅಷ್ಟೂ ಗಿಡ ಒಣಗಿ ಕಟಗಿ. ಒಂದರ ಬುಡ ಉಗುರಿಲೆ ಕೆರೆದಾಗ ತುಸು ಹಸರು ಕಂಡಿತ್ತು. ಆ ಒಂದರಿಂದ ಸಾಬವ್ವ ಮತ್ತ ಹನ್ನೊಂದು ಗಡಿಗಿ ಮಾಡಿದ್ಳು. ಐದು ವರ್ಷ ಹಿಡೀತು.

ದೊಡ್ಡ ಲಡಾಯಿ ಶುರುವಾಗೋಕಿಂತ ಎರಡು ವರ್ಷ ಮೊದಲಿನ ಮಾತು. ಎಳ್ಳಮಾಸಿ ಇನ್ನೂ ಎಂಟು ದಿನ ಇತ್ತು. ಹನ್ನೊಂದೂ ಗಿಡಕ್ಕ ಒಮ್ಮೆಲೆ ಮೊಗ್ಗು ಬಂದಿದ್ದು ಅದೇ ಮೊದಲು. ಸೋಮವಾರ ಮಧ್ಯಾಹ್ನ ಸಾಬವ್ವ ನೀರು ಹಾಕತಾ ನಿಂತಾಗ, ಗ್ವಾಡಿ ಬಿಲದಿಂದ ಒಂದು ಇಲಿ ಹಾಡಹಗಲಾಗ ಹೊರಗ ಬಂತು. ಕುಡದವರಂಗ ಜೋಲಿ ಹೊಡೀತು, ಗರಗರ ತಿರುಗಿತು, ಏಳನೇ ಗಡಿಗಿ ಮುಂದ ಬಿತ್ತು. ಕಾಲು ಝಾಡಿಸಿ ಸುಮ್ಮನಾತು.

ಸಾಬವ್ವ ತಂಬಿಗಿ ಕೆಳಗ ಇಟ್ಟಳು. "ಬೆಕ್ಕು ಹಿಡಿದಿದ್ದು ಇರಬೇಕು," ಅಂತ ಬಾಯಿಬಿಟ್ಟು ಅಂದ್ಳು, ಕೇಳೋರು ಯಾರೂ ಇರಲಿಲ್ಲ. ಬೆಕ್ಕಂತ, ಬೆಕ್ಕು! ಮೈಮ್ಯಾಲ ಒಂದು ಗಾಯಿಲ್ಲ, ಒಂದು ಹನಿ ರಕ್ತಿಲ್ಲ. ಆಕಿಗೆ ಗೊತ್ತಿತ್ತು, ಸ್ಪಷ್ಟ ಗೊತ್ತಿತ್ತು. ಓಣಿಗೆ ಹೋಗಿ ಒದರಬೇಕು ಅಂತ ಬಾಗಿಲ ತನಕ ಹೋದ್ಳು. ಹೊಳ್ಳಿ ಮೊಗ್ಗಿನ ಕಡೆ ನೋಡಿದ್ಳು. ಎಂಟು ದಿನ, ಬರೇ ಎಂಟು ದಿನ, ಹೂ ಬಿಡಲಿ, ಆಮ್ಯಾಲ ಹೇಳಿದ್ರಾತು ಅಂದಕೊಂಡ್ಳು. ಕೈ ತನ್ನ ಚಾಳಿ ತಾನು ಮಾಡೇಬಿಟ್ಟಿತು. ಏಳನೇ ಗಡಿಗಿ ಮಣ್ಣು ತೋಡಿ, ಇಲಿ ಬಾಲ ಹಿಡಿದು ಒಳಗ ಇಟ್ಟು, ಮ್ಯಾಲ ಮಣ್ಣು ಎಳೆದ್ಳು. ಕೈ ಮೂರು ಸಲ ಬೂದಿ ಹಚ್ಚಿ ತೊಳಕೊಂಡ್ಳು.

ಮರುದಿನ ನಜಮುನ್ನಿಸಾ ಗ್ವಾಡಿ ದಾಟಿ ಬಂದು ಅದೇ ಗಡಿಗಿ ಮುಂದ ಕುಂತ್ಳು.

"ಅಲ್ಲಿ ಬ್ಯಾಡ, ಈ ಕಡೆ ಬಾ," ಅಂದ್ಳು ಸಾಬವ್ವ.

"ಯಾಕಕ್ಕಾ, ನನ್ನ ಗಿಡಕ್ಕ ದೃಷ್ಟಿ ಆಗ್ತದೇನು?" ಅಂತ ನಕ್ಕ ನಜಮುನ್ನಿಸಾ, ಪಾದ ಕೆರಕೊಂಡು, "ಹಾಳಾದ ಚಿಕ್ಕಾಡು ಭಾಳ ಆಗ್ಯಾವ ನಿನ್ನ ಹಿತ್ತಲದಾಗ," ಅಂದ್ಳು.

ಹೇಳಬೇಕಿತ್ತು. ಆಗರೆ ಹೇಳಬೇಕಿತ್ತು. ಸಾಬವ್ವ ಸೂಜಿಗೆ ದಾರ ಪೋಣಿಸಾಕ ಹೋಗಿ ನಾಕು ಸಲ ತಪ್ಪಿದ್ಳು. ಬುಧವಾರ ಮೂಲಿ ಮೂಲಿ ಹುಡುಕಿದ್ಳು, ಮತ್ತೊಂದು ಇಲಿ ಸಿಗಲಿಲ್ಲ. ಗುರುವಾರನೂ ಇಲ್ಲ. ಒಂದೇ ಇತ್ತು, ಮುಗೀತು ಅಂತ ಶುಕ್ರವಾರ ತುಸು ಉಸಿರು ಬಿಟ್ಟಳು. ಶನಿವಾರ ಮುಂಜಾನಿ ನಜಮುನ್ನಿಸಾ ಬರಲಿಲ್ಲ. ಗ್ವಾಡಿ ಆಚೆಯಿಂದ ನರಳೋ ದನಿ ಕೇಳಿತು.

ಹೋಗಿ ನೋಡಿದ್ರ ಮೈ ಕೆಂಡ ಆಗಿತ್ತು. "ತೊಡಿ ಸಂದ್ಯಾಗ ಗಂಟು ಆದಂಗ ಆಗ್ಯದಕ್ಕಾ. ಕಾಲು ಎತ್ತಾಕ ಬರವಲ್ದು," ಅಂದ್ಳು ನಜಮುನ್ನಿಸಾ.

ಸಾಬವ್ವ ಎದ್ದು ಹೊರಗ ಓಡಿದ್ಳು. ಓಣಿಗೆ ಬಿದ್ದು ಎದಿ ಬಡಕೊಂಡು ಒದರಿದ್ಳು: "ಇಲಿ ಬಿದ್ದದ್ರೋ!" ಓಣಿ ಹಿರ್ಯಾ ಶಾಂತಲಿಂಗಪ್ಪ ಓಡಿ ಬಂದು, "ಯಾವಾಗ ಬಿತ್ತಬೇ?" ಅಂತ ಕೇಳಿದ. ಖರೇ ಮಾತು ನಾಲಗಿ ತುದಿಗೆ ಬಂದಿತ್ತು. ಎದುರಿಗೆ ನಿಂತ ಅಷ್ಟೂ ಮುಖ ನೋಡಿದ್ಳು.

"ಈಗ, ಯಪ್ಪಾ. ಈಗ ನೋಡಿದ್ನಿ," ಅಂದ್ಳು.

ಹೊತ್ತು ಮುಳುಗೋದರಾಗ ಓಣಿ ಖಾಲಿ ಆತು. ಇಮಾಮಸಾಬ ಹೆಂಡತೀನ ಎತ್ತಿ ಬಂಡಿಯೊಳಗ ಮಲಗಿಸಿದ. ಆಮ್ಯಾಲ ಸಾಬವ್ವನ ಹಿತ್ತಲಕ್ಕ ಹೋಗಿ, ಕೇಳದೆ, ಹೇಳದೆ, ಏಳನೇ ಗಡಿಗಿ ಎತ್ತಿಕೊಂಡು ಬಂದ.

"ಅದು ಬ್ಯಾಡ ತಮ್ಮಾ! ಬ್ಯಾರೆದು ತಗೋ!"

"ಆಕಿ ಇದನ್ನೇ ಕೇಳಾಕತ್ತಾಳಕ್ಕಾ," ಅಂತ ಇಮಾಮಸಾಬ ಗಡಿಗೀನ ನಜಮುನ್ನಿಸಾನ ತಲಿದೆಸಿಗೆ ಇಟ್ಟ.

ಹೊಲದ ಕಡೆ ಹೋಗೋ ಮಟಕಿ ಊರಿನ ದಾರಿಯುದ್ದಕ್ಕೂ ಸಾಬವ್ವ ಬಂಡಿ ಹಿಂದ ನಡಕೋತ ಹೋದ್ಳು. ಗಾಲಿ ಕುಣಿಗೆ ಬಿದ್ದಾಗೊಮ್ಮೆ ಗಡಿಗಿ ಅಲುಗಾಡ್ತಿತ್ತು, ಮ್ಯಾಲಿನ ಮಣ್ಣು ಉದರತಿತ್ತು. ಈಗ ಬಾಲ ಹೊರಗ ಬರ್ತದ, ಈಗ ಬರ್ತದ ಅಂತ ಆಕಿ ಕಣ್ಣು ಮಿಟಕಿಸಲಿಲ್ಲ. ಬರಲಿಲ್ಲ. ಮೂರನೇ ದಿನ ಗುಡಸಲದಾಗ ನಜಮುನ್ನಿಸಾ ಕಣ್ಣು ಮುಚ್ಚಿದ್ಳು. ಅದೇ ಮುಂಜಾನಿ ಏಳನೇ ಗಡಿಗಿಯೊಳಗ ಮೊದಲ ಹೂ ಬಿಟ್ಟಿತ್ತು.

ಅಷ್ಟರಾಗ ಆಳಂದದ ಬ್ಯಾರೆ ಓಣಿಗಳೊಳಗ ಮನಿಗೊಂದು ಹೆಣ ಬೀಳಾಕತ್ತಿದ್ವು. ಇವರ ಓಣಿಯೊಳಗ ಹೋದಾಕಿ ನಜಮುನ್ನಿಸಾ ಒಬ್ಬಾಕಿನೇ. "ಸಾಬವ್ವ ಒದರಲಿಲ್ಲಂದ್ರ ನಾವ್ಯಾರೂ ಉಳೀತಿರಲಿಲ್ಲ," ಅಂತ ಶಾಂತಲಿಂಗಪ್ಪ ಎಲ್ಲಾರ ಮುಂದ ಆಕಿಗೆ ಒಂದು ಸೀರಿ ಆಯಾರ ಮಾಡಿದ. ಹೆಂಗಸರು ಕಾಲು ಮುಟ್ಟಾಕ ಬಂದ್ರು. ಸಾಬವ್ವ ಸೀರಿ ಅಲ್ಲೇ ನೆಲದ ಮ್ಯಾಲ ಇಟ್ಟು ಗುಡಸಲದೊಳಗ ಹೋದ್ಳು. ಪಾಪ, ಗೆಳತಿ ಹೋದ ದುಃಖ ಅಂದ್ರು ಎಲ್ಲಾರೂ.

ನಲವತ್ತನೇ ದಿನ ಇಮಾಮಸಾಬ ಗಡಿಗಿ ಹೊತ್ಕೊಂಡು ಖಬರಸ್ತಾನಕ್ಕ ಹೊಂಟ. "ಬಾ ಅಕ್ಕಾ, ಹೆಂಗ ಹಚ್ಚಬೇಕು ಹೇಳಿಕೊಡು," ಅಂದ. ಸಾಬವ್ವ ನೀರಿನ ಕೊಡ ಹೊತ್ತು ಅವನ ಹಿಂದ ನಡೆದ್ಳು. ಗೋರಿ ಬಾಜೂಕ ಕುಣಿ ತೋಡಿ, ಕಲ್ಲಿಲೆ ಗಡಿಗಿ ಒಡೆದ. ಮಣ್ಣಿನ ಹೆಂಟಿ ಎರಡು ಹೋಳಾಗಿ ಬಿಚ್ಚಿತು. ನಡುವ ಬೇರು ಸುತ್ತಿಕೊಂಡ ಸಣ್ಣ ಸಣ್ಣ ಎಲುಬು, ಒಂದಿಷ್ಟು ಕೂದಲ, ಉದ್ದ ಬಾಲ.

ಇಮಾಮಸಾಬ ಬಗ್ಗಿ ಬಾಲ ಬೆರಳಿಲೆ ಸರಿಸಿ ನೋಡಿದ.

"ಇದು ಯಾವಾಗಿಂದಕ್ಕಾ?"

"ಸೋಮವಾರದ್ದು," ಅಂದ್ಳು ಸಾಬವ್ವ.

ಆಕಿ ಒದರಿದ್ದು ಶನಿವಾರ. ಅವನು ಬಡೀತಾನ ಅಂದಕೊಂಡ್ಳು, ಬಡಿಲಿ ಅಂತ ಬೇಡಿಕೊಂಡ್ಳು. ಇಮಾಮಸಾಬ ಬಡಿಲಿಲ್ಲ. ಹೆಂಟಿ ಎರಡೂ ಕೂಡಿಸಿ, ಎಲುಬಿನ ಸಮೇತ ಗಿಡ ಕುಣಿಯೊಳಗ ಇಟ್ಟು ಮಣ್ಣು ಎಳೆದ. "ಆಕಿಗೆ ಇದರ ಮ್ಯಾಲ ಜೀವ ಇತ್ತು. ಗಿಡದ್ದೇನು ತಪ್ಪದ?" ಅಂದ. ನೀರು ಹಾಕಿ ಎದ್ದು, ಆಕಿ ಮುಖ ನೋಡದೆ, "ಮುಂದ ಇಲಿ ಕಂಡ್ರ ಒದರು," ಅಂದು ಹೋಗಿಬಿಟ್ಟ.

ಊರಿಗೆ ತಿರುಗಿ ಬಂದಾಗ ಉಳಿದ ಹತ್ತು ಗಿಡ ಒಣಗಿದ್ವು. ಈ ಸಲ ಸಾಬವ್ವ ಬುಡ ಕೆರೆದು ನೋಡಲಿಲ್ಲ. ಇವತ್ತು ಹೇಳ್ತಾನ, ನಾಳೆ ಹೇಳ್ತಾನ ಅಂತ ಗ್ವಾಡಿ ಆಚೆ ಇಮಾಮಸಾಬ ಕೆಮ್ಮಿದ್ರೂ ಬೆಚ್ಚಿ ಬೀಳತಿದ್ಳು. ಲಡಾಯಿ ಶುರುವಾತು, ಮುಗೀತು. ಅವನು ಹೇಳಲಿಲ್ಲ.

ಆದ್ರ ಆಕಿ "ಇಲಿ ಬಿದ್ದದ್ರೋ" ಅಂತ ಒದರಿದಾಗೊಮ್ಮೆ, ಇಡೀ ಓಣಿ ನಗತಿದ್ರ, ಇಮಾಮಸಾಬ ಒಬ್ಬಾಂವ ಉಣ್ಣೋದು ಬಿಟ್ಟು ಎದ್ದು ಬಂಡಿ ಹೂಡತಿದ್ದ. ಎತ್ತಿನ ಹಗ್ಗ ಹಿಡಕೊಂಡು ಬಾಗಿಲಿಗೆ ನಿಲ್ತಿದ್ದ. ಸಾಬವ್ವ ಓಣಿ ತುದಿ ಮುಟ್ಟಿ ತೇಕತಾ ಹೊಳ್ಳಿ ಬರ್ತಿದ್ಳು, ಅವನ ಮುಂದ ನಿಂತು, ತಲಿ ಎತ್ತದೆ, "ಬೆಕ್ಕು ಕಡಿದದ್ದು, ತಮ್ಮಾ," ಅಂತಿದ್ಳು. ಆಗ ಅವನು ಎತ್ತು ಬಿಚ್ಚತಿದ್ದ.