ವನಜಾಕ್ಷಿಯವರ ಟೇಪು

ಕಡೂರು, ತರೀಕೆರೆ, ಅಜ್ಜಂಪುರದ ಸೀಮೆಯಲ್ಲಿ ಸಕ್ಕರೆ ಕಾಯಿಲೆಯವರ ಮೈಕೊಬ್ಬನ್ನೂ ರಕ್ತನಾಳಗಳ ಬಿಗಿತವನ್ನೂ ಅಳೆದ ಅಧ್ಯಯನದ ಮಾತು ಬಂದರೆ ವೈದ್ಯರ ಹೆಸರುಗಳೇ ಮುಂದಾಗುತ್ತವೆ. ಆ ಅಂಕಿಗಳನ್ನು ಊರೂರು ತಿರುಗಿ ತಂದವರು ಈಗ ನಿವೃತ್ತರಾಗುತ್ತಿರುವ ಶುಶ್ರೂಷಕಿ ವನಜಾಕ್ಷಿಯವರು.

ಬುಕ್ಕಾಂಬುಧಿಯ ಮೊದಲ ಶಿಬಿರದಲ್ಲಿ ಹೆಂಗಸರು ನಾಚಿಕೊಂಡು ಸೊಂಟವನ್ನು ಸೀರೆಯ ಮೇಲೆಯೇ ಅಳೆಸಿಕೊಳ್ಳುತ್ತಿದ್ದರು. ಸೊಂಟಕ್ಕೆ ಸಿಕ್ಕಿಸಿದ ಎಲೆಅಡಿಕೆ ಚೀಲವೂ ಕೊಬ್ಬಿನ ಲೆಕ್ಕಕ್ಕೆ ಸೇರುತ್ತಿತ್ತು. ವನಜಾಕ್ಷಿಯವರು ಚೀಲವನ್ನು ತಾವೇ ಇಸಿದುಕೊಂಡು, ತಮ್ಮ ಮುಖವನ್ನು ಗೋಡೆಯತ್ತ ತಿರುಗಿಸಿ, ಸೀರೆಯೊಳಗೆ ಬೆರಳಿನಿಂದಲೇ ಜಾಗ ಹುಡುಕಿ ಟೇಪು ಸುತ್ತುತ್ತಿದ್ದರು. ಗುರುತಿಗೆ ಉಗುರೊತ್ತಿ ಟೇಪನ್ನು ಹೊರಗೆಳೆದು, ಅಂಕಿಯನ್ನು ಬಾಯಿಬಿಡದೆ ಬರೆದುಕೊಳ್ಳುತ್ತಿದ್ದರು.

ಕೈಗೂ ಕಾಲಿಗೂ ಪಟ್ಟಿ ಕಟ್ಟಿ, ನಾಡಿಯ ಅಲೆಯ ವೇಗದಿಂದ ರಕ್ತನಾಳದ ಬಿಗಿತ ತಿಳಿಸುವ ಯಂತ್ರ ಇದ್ದುದು ಒಂದೇ. ಹೊತ್ತು ಸಾಲದೆಂದು ದಪ್ಪ ಸೊಂಟದವರಿಗೆ ಮಾತ್ರ ಅದು ಎಂಬ ನಿಯಮವಿತ್ತು. ಲಿಂಗದಹಳ್ಳಿಯಲ್ಲಿ ಹನ್ನೆರಡು ವರ್ಷದ ಕಾಯಿಲೆಯ ಈರಕ್ಕ, ಕಡ್ಡಿಯಂಥ ಮೈಯವರು, ಕೇಳಿದರು: “ನಂಗೂ ಆ ಪಟ್ಟಿ ಕಟ್ರವ್ವಾ, ಬೆಳಿಗ್ಗಿಂದ ಕುಂತಿದೀನಿ.”

“ನಿನ್ ಮೈಯಲ್ಲಿ ಅಳೆಯಾಕೆ ಏನೈತೆ ಈರಕ್ಕ? ನನ್ ಟೇಪಿಗೇ ನಾಚಿಕೆ ಆಯ್ತದೆ. ಮನೆಗೆ ಹೋಗು.”

ಎಲ್ಲರೂ ನಕ್ಕರು. ಈರಕ್ಕನೂ ನಕ್ಕು ಎದ್ದುಹೋದರು.

ಮೂರು ತಿಂಗಳಿಗೆ ಅವರಿಗೆ ಲಕ್ವ ಹೊಡೆಯಿತು. ಬಲಗೈ ಬಿತ್ತು, ಮಾತು ನಿಂತಿತು. ಯಂತ್ರಕ್ಕೆ ಕೂರಿಸಿದ್ದರೂ ಇದು ತಪ್ಪುತ್ತಿತ್ತೆಂದು ಹೇಳಲಾಗದು ಎಂದು ಅಧ್ಯಯನದ ಹಿರಿಯ ವೈದ್ಯ ಮೃತ್ಯುಂಜಯ ಅವರು ಸಮಾಧಾನ ಹೇಳಿದರು. ವನಜಾಕ್ಷಿಯವರು ಆ ನಿಯಮವನ್ನು ತೆಗೆಯಬೇಕೆಂದು ಮಾತ್ರ ಕೇಳಿದರು. ಅಂದಿನಿಂದ ಸಣಕಲು ಮೈಯವರೂ ಯಂತ್ರದ ಮುಂದೆ ಕುಳಿತರು. ಅವರಲ್ಲಿಯೂ ಹಲವರ ನಾಳಗಳು ಬಿಗಿದಿದ್ದವು, ಹೊತ್ತು ಮೀರುವ ಮೊದಲೇ ಔಷಧಿ ಸಿಕ್ಕಿತು. ಟೇಪು ಕೈಯಲ್ಲಿರುವಾಗ ವನಜಾಕ್ಷಿಯವರು ಮತ್ತೆ ತಮಾಷೆ ಮಾಡಲಿಲ್ಲ.

ಎಂಟು ವರ್ಷಗಳಿಂದ ತಿಂಗಳ ಮೊದಲ ಶನಿವಾರ ಅವರು ತರೀಕೆರೆಯಿಂದ ಬಸ್ಸು ಹತ್ತಿ ಈರಕ್ಕನ ಮನೆಗೆ ಹೋಗುತ್ತಾರೆ. ಸಕ್ಕರೆ, ರಕ್ತದೊತ್ತಡ ನೋಡಿ ಬರುತ್ತಾರೆ. ಕ್ಷಮೆ ಕೇಳಬೇಕೆಂದು ಪ್ರತಿಸಲವೂ ಅನಿಸುತ್ತಿತ್ತು. ಮರುಮಾತಾಡಲಾಗದವರನ್ನು ಕ್ಷಮೆ ಕೇಳುವುದು ಇನ್ನೊಂದು ಅನ್ಯಾಯವೆನಿಸಿ ತಡೆದುಕೊಳ್ಳುತ್ತಿದ್ದರು.

ಕಳೆದ ತಿಂಗಳು, ನೌಕರಿ ಮುಗಿಯುತ್ತಿದೆಯೆಂದು ಹೇಳಿದಾಗ, ಈರಕ್ಕ ಎಡಗೈಯಿಂದ ಅವರ ಚೀಲ ತಡಕಿ ಟೇಪು ತೆಗೆದರು. ವನಜಾಕ್ಷಿಯವರ ಸೊಂಟಕ್ಕೆ ಸುತ್ತಹೋದರೆ ಟೇಪಿನ ಇನ್ನೊಂದು ತುದಿ ಒಂದೇ ಕೈಗೆ ಸಿಗಲೊಲ್ಲದು.

“ಈಗ ನಿಮ್ ಸರದಿ ಅಂತೈತೆ ನಮ್ಮತ್ತೆ,” ಎಂದರು ಸೊಸೆ ಸಾವಿತ್ರಮ್ಮ. “ಆ ತುದಿ ಹಿಡ್ಕಳ್ಳಿ ಸಿಸ್ಟರ್.”

ವನಜಾಕ್ಷಿಯವರು ತುದಿ ಹಿಡಿದರು. ಈರಕ್ಕ ಗುರುತಿಗೆ ಉಗುರೊತ್ತಿ, ನೋಡಿ, ಬಾಯಿಯ ಒಂದೇ ಪಕ್ಕದಲ್ಲಿ ನಕ್ಕರು. ವನಜಾಕ್ಷಿಯವರು ಮುಖವನ್ನು ಗೋಡೆಯತ್ತ ತಿರುಗಿಸಿದರು.

ಅವರಿಗೆ ದೀರ್ಘಾಯುಷ್ಯವಿರಲಿ, ಈರಕ್ಕನಿಗೂ. ಮೊದಲ ಶನಿವಾರದ ಲಿಂಗದಹಳ್ಳಿ ಬಸ್ಸಿನಲ್ಲಿ ಅವರ ಸೀಟು ಬಹುಕಾಲ ಖಾಲಿಯಾಗದಿರಲಿ.