ಹೆಬ್ಬಾಳಕ್ಕೆ ಒಂದು ಟಿಕೆಟ್

ಮೊನ್ನೆ ಬೆಳಿಗ್ಗೆ ನನ್ನ ಮೊಬೈಲ್ ಇದ್ದಕ್ಕಿದ್ದಂತೆ ಮಾತಾಡಲು ಶುರುಮಾಡಿತು. ಯಾವ ಗುಂಡಿಯನ್ನು ಎಷ್ಟು ಹೊತ್ತು ಒತ್ತಿದೆನೋ, ಬೆರಳಿಟ್ಟಲ್ಲೆಲ್ಲ ಅಲ್ಲೇನಿದೆಯೆಂದು ಓದಿ ಹೇಳತೊಡಗಿತು. ಕಣ್ಣು ಕಾಣದವರಿಗೆಂದು ಫೋನಿನೊಳಗೆ ಇಟ್ಟಿರುವ ಏರ್ಪಾಡು ಅದು. "ಯಾರ್ರೀ ಬಂದಿರೋದು?" ಎಂದು ಅಡುಗೆಮನೆಯಿಂದ ನನ್ನ ಹೆಂಡತಿ ಕೇಳಿದಳು. ನನಗೆ ನಾಗರತ್ನ ನೆನಪಾಗಿದ್ದಳು.

ನಾನು ಮೂಲತಃ ಟೈಪಿಂಗ್ ಮೇಷ್ಟ್ರು. ಟೈಪ್‌ರೈಟರುಗಳು ಗುಜರಿಗೆ ಹೋದ ಮೇಲೆ ಕಂಪ್ಯೂಟರ್ ಕಲಿತು, ಅದನ್ನೇ ಕಲಿಸಿ ನಿವೃತ್ತನಾದೆ. ದಟ್ಟಗಳ್ಳಿಯ ಮನೆಯಲ್ಲಿ ಕೂತು ಸಾರಿಗೆ ಉಪ್ಪೆಷ್ಟು ಎಂದು ಹೇಳಿಕೊಡತೊಡಗಿದಾಗ ಹೆಂಡತಿಯೇ ನನ್ನನ್ನು ಹೊರಗಟ್ಟಿದಳು. ಹಾಗೆ ಸೇರಿಕೊಂಡದ್ದು ಯಾದವಗಿರಿಯ ಹಳೆಯ ಬಂಗಲೆಯೊಂದರಲ್ಲಿ ನಡೆಯುವ ತರಗತಿಗೆ. ಅಂಗವಿಕಲರಿಗೆ ಕಂಪ್ಯೂಟರ್ ಕಲಿಸಿ, ಒಂದು ಕೆಲಸಕ್ಕೆ ತಯಾರು ಮಾಡುವ ಜಾಗ.

ಟೈಪಿಂಗ್ ಕಲಿಸುವವರ ಗೋಳು ನಿಮಗೆ ಗೊತ್ತಿರಲಿಕ್ಕಿಲ್ಲ. "ಕೀಲಿ ನೋಡ್ಬೇಡಿ, ಕೀಲಿ ನೋಡ್ಬೇಡಿ" ಎಂದು ಬೈಯುವುದರಲ್ಲೇ ನನ್ನ ಅರ್ಧ ಆಯುಸ್ಸು ಕಳೆದಿತ್ತು. ಕೆಲವರ ಕೈಮೇಲೆ ಟವೆಲ್ ಹೊದಿಸಿದ್ದೂ ಉಂಟು. ಅಂಥವನ ಮುಂದೆ ಹುಟ್ಟಿನಿಂದ ದೃಷ್ಟಿಯಿಲ್ಲದ ನಾಗರತ್ನ ಬಂದು ಕೂತಳು. ನಂಜನಗೂಡು ಕಡೆಯ ಹಳ್ಳಿಯವಳು, ಇಪ್ಪತ್ತಮೂರು ವರ್ಷ. ಎರಡೇ ವಾರದಲ್ಲಿ ಅವಳ ಬೆರಳುಗಳು ಓಡುವುದನ್ನು ಕಂಡು, ನಾನು ಜೀವಮಾನವಿಡೀ ಕಾಯುತ್ತಿದ್ದ ಶಿಷ್ಯೆ ಇವಳೇ ಅನ್ನಿಸಿತು.

ಪರದೆಯ ಮೇಲಿರುವುದನ್ನು ಅವಳಿಗೆ ಕಂಪ್ಯೂಟರ್ ಓದಿ ಹೇಳುತ್ತಿತ್ತು. ಅದರ ಓದನ್ನು ಅವಳು ಎಷ್ಟು ಜೋರಾಗಿ ಓಡಿಸುತ್ತಿದ್ದಳೆಂದರೆ, ನನಗೆ ಒಗ್ಗರಣೆಯಲ್ಲಿ ಸಾಸಿವೆ ಸಿಡಿದಷ್ಟೇ ಅರ್ಥವಾಗುತ್ತಿತ್ತು. ಪಾಪ, ಹುಡುಗಿಗೆ ಕಷ್ಟವಾಗುತ್ತದೆಂದು ನಾನು ದಿನಾ ಸಂಜೆ ಆ ವೇಗವನ್ನು ಇಳಿಸಿಟ್ಟು ಬರುತ್ತಿದ್ದೆ.

"ದಿನಾ ಇದ್ನ ನಿಧಾನ ಮಾಡೋರು ಯಾರು ಸಾ?" ಎಂದಳು ಒಂದು ದಿನ. "ಕೇಳ್ತಾ ಕೇಳ್ತಾ ನಿದ್ದೆ ಬರ್ತದೆ."

ಅವಳ ಅಣ್ಣ ಆರು ತಿಂಗಳ ಗಡುವು ಹಾಕಿದ್ದ. ಅಷ್ಟರೊಳಗೆ ಕೆಲಸ ಸಿಗದಿದ್ದರೆ ಹಾಸ್ಟೆಲ್ ಬಿಟ್ಟು ಊರಿಗೆ ವಾಪಸು. ಅಣ್ಣ ಕೆಟ್ಟವನಲ್ಲ, ಹೆದರಿದವನು. "ಊರಲ್ಲಿ ನಾನು ಕೂತಿರೋ ಕಡೆಯಿಂದ ಎದ್ರೆ ಸಾಕು ಸಾ, ನಾಕು ಜನ ಬಂದು ಕೈ ಹಿಡ್ಕೊತಾರೆ. ಆಮೇಲೆ ಏಳೋದೇ ಮರ್ತೋಯ್ತದೆ" ಎಂದಿದ್ದಳು.

ಐದನೇ ತಿಂಗಳಲ್ಲಿ, ನಮ್ಮೂರಿನ ಕಾರ್ಖಾನೆಗಳೆಲ್ಲ ಇರುವ ಹೆಬ್ಬಾಳದ ಒಂದು ಕಚೇರಿಯಿಂದ ಸಂದರ್ಶನಕ್ಕೆ ಕರೆ ಬಂತು. ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಜೊತೆಗೆ ಹೋದೆ. ಅಲ್ಲಿನ ಅಧಿಕಾರಿ ಒಳ್ಳೆಯ ಮನುಷ್ಯ, ಆದರೆ ಕೇಳುವುದೆಲ್ಲ ನನ್ನನ್ನೇ. "ಇವರು ಒಬ್ರೇ ಬಸ್ಸಲ್ಲಿ ಬರ್ತಾರಾ?" "ನಾನೇ ಕರ್ಕೊಂಡು ಬರ್ತೀನಿ ಸಾರ್, ಅದೇನೂ ತೊಂದರೆ ಇಲ್ಲ" ಎಂದೆ. "ಫೋನಲ್ಲಿ ಮಾತಾಡ್ತಾರಾ?" "ಚೆನ್ನಾಗಿ ಮಾತಾಡ್ತಾಳೆ ಸಾರ್." ಅವಳು ಪಕ್ಕದಲ್ಲೇ ಇದ್ದಳು, ಬಾಯಿ ತೆರೆಯಲು ನಾನು ಬಿಟ್ಟರೆ ತಾನೆ?

ಆಮೇಲೆ ಟೈಪಿಂಗ್ ಪರೀಕ್ಷೆ. ಕಂಪ್ಯೂಟರ್ ಪಟಪಟನೆ ಓದತೊಡಗಿದ್ದೇ ಅಧಿಕಾರಿಯ ಹುಬ್ಬು ಮೇಲೇರಿತು. ಅವರಿಗೂ ಅರ್ಥವಾಗಲೆಂದು ನಾನು ಬಗ್ಗಿ, ವೇಗ ಇಳಿಸುವ ಕೀಲಿ ಒತ್ತಿಬಿಟ್ಟೆ. ನಾಗರತ್ನಳ ಬೆರಳು ತಡವರಿಸಿತು, ತಪ್ಪಿನ ಮೇಲೆ ತಪ್ಪಾಯಿತು. "ಪಾಪ, ತಿಳಿಸ್ತೀವಿ" ಎಂದರು. ಆ ಮಾತಿನ ಅರ್ಥ ನಮ್ಮಿಬ್ಬರಿಗೂ ಗೊತ್ತಿತ್ತು.

ವಾಪಸು ಬರುವ ಬಸ್ಸಿನಲ್ಲಿ ಅವಳು ತನ್ನ ಬಿಳಿ ಕೋಲನ್ನು ಮಡಚಿ ಮಡಿಲಲ್ಲಿಟ್ಟುಕೊಂಡಳು. ಆಮೇಲೆ ಮೆಲ್ಲಗೆ, "ಸಾ, ಆ ಕೆಲ್ಸ ಕೊಟ್ಟಿದ್ರೂ ನಿಮ್ಗೇ ಕೊಡ್ಬೇಕಾಗಿತ್ತು. ಎಲ್ಲಾ ನೀವೇ ಮಾಡುದ್ರಿ" ಎಂದಳು.

ನನಗೆ ಮೊದಲು ಬಂದದ್ದು ಸಿಟ್ಟು. ಉಪಕಾರ ಮಾಡಿದವನಿಗೆ ಈ ಮಾತೇ ಎಂದು ಮನೆಯಲ್ಲಿ ಹೇಳಿಕೊಂಡರೆ, ಹೆಂಡತಿ ಹುರಳಿಕಾಯಿ ಬಿಡಿಸುತ್ತಲೇ, "ಸರಿಯಾಗೇ ಹೇಳಿದಾಳೆ ಕಣ್ರೀ. ಡಾಕ್ಟ್ರು ನನ್ನ ಹೊಟ್ಟೆನೋವು ಎಲ್ಲಿ ಅಂದ್ರೂ ನೀವೇ ತೋರಿಸೋರು" ಎಂದಳು. ಆ ರಾತ್ರಿ ನನಗೂ ಹೊಳೆಯಿತು. ನಾಗರತ್ನಳ ಆರು ತಿಂಗಳಲ್ಲಿ ಒಂದು ಅವಕಾಶವನ್ನು ನಾನೇ ನನ್ನ ಕೈಯಾರೆ ಕಳೆದಿದ್ದೆ.

ಗಡುವಿಗೆ ಇನ್ನು ಒಂಬತ್ತು ದಿನ ಇದ್ದಾಗ ಹೆಬ್ಬಾಳದಲ್ಲೇ ಇನ್ನೊಂದು ಕಚೇರಿ ಕರೆಯಿತು. "ನೀವು ಬರ್ಬ್ಯಾಡಿ ಸಾ" ಎಂದಳು ನಾಗರತ್ನ. ಆಗಲಿ ಎಂದೆ. ಎಂದವನು ಮರುದಿನ ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತಿದ್ದೆ. ಹುಟ್ಟುಗುಣ ಸುಟ್ಟರೂ ಹೋಗದು.

ಪಾಳಿ ಮುಗಿಸಿದವರು, ಪಾಳಿಗೆ ಹೊರಟವರು ತುಂಬಿದ್ದ ಆ ಸ್ಟಾಪಿನಲ್ಲಿ ಅವಳು ಇಳಿದಳು. ಯಾರನ್ನೋ ದಾರಿ ಕೇಳಿದಳು. ಅವನು ತೋರಿಸಿದ್ದು ತಪ್ಪು ರಸ್ತೆ. ಬಿಳಿ ಕೋಲು ಊರುತ್ತ ಅವಳು ಆ ಕಡೆಗೇ ಹೊರಟಳು. ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ನಾನಿದ್ದೆ. ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ನಿಂತದ್ದು ನನ್ನ ಬದುಕಿನಲ್ಲೇ ಇಲ್ಲ. ತಿರುವಿನ ತನಕ ಹೋದವಳು ನಿಂತಳು, ಸೈಕಲ್ಲಿನವನೊಬ್ಬನನ್ನು ಕೇಳಿದಳು, ತಿರುಗಿ ಬಂದು ಸರಿಯಾದ ಗೇಟಿನೊಳಗೆ ಹೋದಳು.

ಎದುರಿನ ಟೀ ಅಂಗಡಿಯಲ್ಲಿ ಮೂರು ಟೀ ಕುಡಿದು, ಅಂಗಡಿಯವನಿಗೆ ಅನುಮಾನ ಬರುವಷ್ಟು ಹೊತ್ತು ಕೂತೆ. ಹೊರಬಂದ ನಾಗರತ್ನ ಗೇಟಿನಲ್ಲಿ ನಿಂತು, "ಸಾ, ಎಲ್ಲಿದ್ದೀರಾ?" ಎಂದಳು.

"ನಾನು ಬಂದದ್ದು ಹೇಗೆ ಗೊತ್ತಾಯ್ತಮ್ಮ?"

"ಬಸ್ಸಲ್ಲಿ ಕಂಡಕ್ಟ್ರಿಗೆ 'ಹೆಬ್ಬಾಳ ಒಂದು' ಅಂದ್ರಲ್ಲ. ಅಷ್ಟು ಜೋರಾಗಿ ಇನ್ಯಾರು ಹೇಳ್ತಾರೆ?" ನಕ್ಕಳು. "ಸೋಮವಾರದಿಂದ ಬನ್ನಿ ಅಂದ್ರು ಸಾ. ಜೊತೆಗ್ಯಾರೂ ಬಂದಿಲ್ವಾ ಅಂತ ಕೇಳುದ್ರು. ಒಬ್ಳೇ ಬಂದೆ ಅಂದೆ."

"ಅದು ಸುಳ್ಳಾಯ್ತಲ್ಲಮ್ಮ?"

"ದಾರಿ ತಪ್ಪಿದಾಗ್ಲೂ ನೀವು ಕೂಗ್ನಿಲ್ಲ. ಸುಳ್ಳೆಂಗಾಯ್ತದೆ?"

ನನ್ನ ಕಣ್ಣು ತುಂಬಿತು. ಅವಳಿಗೆ ಕಾಣಲಿಲ್ಲವೆಂದು ನಾನು ಅಂದುಕೊಂಡೆ. "ಇನ್ನೊಂದು ಟೀ ಕುಡೀರಿ ಸಾ" ಎಂದಳು.

ಅವಳು ಕೆಲಸಕ್ಕೆ ಸೇರಿ ಈಗ ನಾಲ್ಕು ವರ್ಷ. ನಾನು ಇನ್ನೂ ತರಗತಿಗೆ ಹೋಗುತ್ತಿದ್ದೇನೆ. ನಿನ್ನೆ ಒಬ್ಬರು ಗಾಲಿಕುರ್ಚಿಯಲ್ಲಿ ಮಗಳನ್ನು ಕರೆತಂದಿದ್ದರು. "ನಿನ್ನ ಹೆಸರೇನಮ್ಮ?" ಎಂದೆ. ತಂದೆ ಹೆಸರು ಹೇಳಿದರು. "ಎಲ್ಲೀವರೆಗೆ ಓದಿದ್ದೀಯ?" ಅದನ್ನೂ ಅವರೇ ಹೇಳಿದರು. ಆ ಮುಖದಲ್ಲಿದ್ದ ಪ್ರೀತಿ ನನಗೆ ಚೆನ್ನಾಗಿ ಪರಿಚಯದ್ದು. ಹುಡುಗಿಯನ್ನು ಉಳಿದ ವಿದ್ಯಾರ್ಥಿಗಳ ಜೊತೆ ಬಿಟ್ಟು, ಅವರ ಹೆಗಲ ಮೇಲೆ ಕೈಹಾಕಿ, "ಬನ್ನಿ ಯಜಮಾನ್ರೇ, ಟೀ ಕುಡಿದು ಬರೋಣ" ಎಂದೆ. ಬಾಗಿಲು ದಾಟುವಷ್ಟರಲ್ಲಿ ಅವರು ಮೂರು ಸಲ ತಿರುಗಿ ನೋಡಿದರು. ಸುಳ್ಳೇಕೆ ಹೇಳಲಿ, ನಾನೂ ಒಂದು ಸಲ ನೋಡಿದೆ.