ಹೆಸರು ಹಿಡಿದು ಕರೆಯುವ ವಾಚು

ನಮ್ಮ ಥಂಡರ್ ಬೇಯಲ್ಲಿ ನವೆಂಬರ್ ಬಂತೆಂದರೆ ವಯಸ್ಸಾದವರೆಲ್ಲ ಮಾಲಿಗೆ ಬಂದು ಬೀಳುತ್ತೇವೆ. ಕೊಳ್ಳುವುದಕ್ಕಲ್ಲ, ನಡೆಯುವುದಕ್ಕೆ. ಹೊರಗೆ ಮೈನಸ್ ಮೂವತ್ತು, ಕಾಲಿಟ್ಟಲ್ಲಿ ಮಂಜುಗಡ್ಡೆ. ಅಂಗಡಿಗಳು ತೆರೆಯುವ ಮೊದಲೇ, ಬೆಳಿಗ್ಗೆ ಏಳೂವರೆಗೆ, ಕಾವಲುಗಾರ ನಮಗೆಂದು ಪಕ್ಕದ ಬಾಗಿಲು ತೆಗೆಯುತ್ತಾನೆ. ಮುಚ್ಚಿದ ಷಟರುಗಳ ಮುಂದೆ ನಾವು ಸುತ್ತು ಹಾಕುತ್ತೇವೆ. ಈ ಹದಿನಾಲ್ಕು ಜನರ ಗುಂಪಿಗೆ ಯಜಮಾನಿ ಎಂದು ನನ್ನನ್ನು ಯಾರೂ ಆರಿಸಿಲ್ಲ. ಆದರೆ ಈಗ ಭೂಪಟ ನೋಡಿಕೊಳ್ಳುವವಳು ನಾನು, ಹಾಗಾಗಿ ಈ ಹೆಲ್ವಿ ಹೇಳಿದಂತೆಯೇ ನಡೆಯುತ್ತದೆ.

ನಮ್ಮ ದೇಶದ ಈ ಭೂಪಟ ಇರುವುದು ಕಾಫಿ ಅಂಗಡಿಯ ಪಕ್ಕದ ಗೋಡೆಯ ಮೇಲೆ. ಒಬ್ಬೊಬ್ಬರಿಗೂ ಒಂದೊಂದು ಪಿನ್ನು, ಅದಕ್ಕೊಂದು ಹೆಸರಿನ ಚೀಟಿ. ಪ್ರತಿ ಶುಕ್ರವಾರ ಅವರವರು ನಡೆದ ಕಿಲೋಮೀಟರು ಹೇಳುತ್ತಾರೆ, ನಾನು ಪಿನ್ನನ್ನು ಅಷ್ಟು ಪಶ್ಚಿಮಕ್ಕೆ ಸರಿಸುತ್ತೇನೆ. ದೇಶದ ಪಶ್ಚಿಮ ತುದಿಯ ವ್ಯಾಂಕೂವರಿನ ಸಮುದ್ರ ಮುಟ್ಟಿದವರಿಗೆ ಒಂದು ಪರ್ಶಿಯನ್, ಅಂದರೆ ನಮ್ಮೂರಿನ ಗುಲಾಬಿ ಸಕ್ಕರೆ ಬಳಿದ ಬನ್ನು. ನಮ್ಮ ಗುಂಪಿನ ರೈನೋ ಮೂರು ಸಲ ಮುಟ್ಟಿದ್ದಾನೆ. ಮೂರನೆಯದು ಬರೀ ಬೊಗಳೆ ಎಂದು ನನ್ನ ಗುಮಾನಿ.

ಆರ್ವೋ ಕೊಸ್ಕೆಲಾ ಬೊಗಳೆ ಬಿಡುವವನಲ್ಲ. ಬೊಗಳೆ ಬಿಡಬೇಕಾದರೆ ಬಾಯಿ ತೆರೆಯಬೇಕಲ್ಲ! ಬಂದರಿನ ಧಾನ್ಯದ ಗೋದಾಮಿನಲ್ಲಿ ಮೂವತ್ನಾಲ್ಕು ವರ್ಷ ದುಡಿದವನು. ಅಲ್ಲಿನ ಯಂತ್ರಗಳ ಸದ್ದಿಗೆ ಒಂದು ಕಿವಿ ಪೂರ್ತಿ ಹೋಯಿತು, ಇನ್ನೊಂದು ಅರ್ಧ ಹೋಯಿತು. ಮಾತಾಡಿದರೆ ಕೂಗಿದಂತಾಗುತ್ತದೆ ಎಂದು ನಾಚಿಕೆ, ಅದಕ್ಕೇ ಮಾತು ಕಡಿಮೆ. ನಲವತ್ತೊಂದು ವರ್ಷ ಅವನ ಪಾಲಿನ ಮಾತನ್ನೂ ಹೆಂಡತಿ ಇರ್ಮಾಳೇ ಆಡಿದಳು. ಮಕ್ಕಳಿಲ್ಲ. ನಮ್ಮ ಗುಂಪು ಕಟ್ಟಿದವಳೂ ಅವಳೇ, ಭೂಪಟ ಅಂಟಿಸಿದವಳೂ ಅವಳೇ. ಮೂರು ವರ್ಷದ ಹಿಂದೆ ಅಕ್ಟೋಬರಿನಲ್ಲಿ ಹೊಟ್ಟೆನೋವು ಎಂದಳು, ಮೂರು ವಾರದಲ್ಲಿ ಹೋಗಿಬಿಟ್ಟಳು.

ನಾವು ಇಲ್ಲಿಗೆ ವಲಸೆ ಬಂದ ಫಿನ್ನರ ಮಕ್ಕಳು. ಸಾವಿನ ಮನೆಗೆ ಏಲಕ್ಕಿ ಬ್ರೆಡ್ಡು ಒಯ್ಯುತ್ತೇವೆ, ಹಿಮ ಬಿದ್ದರೆ ಹೇಳದೆಯೇ ಹೋಗಿ ಅಂಗಳ ಕೆರೆದು ಬರುತ್ತೇವೆ. ಸತ್ತವರ ಹೆಸರು ಮಾತ್ರ ಎತ್ತುವುದಿಲ್ಲ. ಗಾಯ ಕೆದಕಬಾರದು ಎಂದು. ಮಣ್ಣು ಮಾಡಿ ಬಂದ ವಾರವೇ ನಾನು ಭೂಪಟದಿಂದ ಇರ್ಮಾಳ ಪಿನ್ನು ಕಿತ್ತು ಮನೆಯ ಬಟ್ಟೆ ಗುಂಡಿಗಳ ಡಬ್ಬಿಗೆ ಹಾಕಿದೆ. ಆರ್ವೋನ ಕಣ್ಣಿಗೆ ಬೀಳದಿರಲಿ ಎಂದು. ದೊಡ್ಡ ಉಪಕಾರ ಮಾಡಿದೆನೆಂದುಕೊಂಡಿದ್ದೆ, ನನ್ನ ಬುದ್ಧಿಗಿಷ್ಟು!

ಆಮೇಲೆ ಆರ್ವೋ ಬೆಳಿಗ್ಗೆ ಬರುವಾಗ ಕೈಯಲ್ಲಿ ಇರ್ಮಾಳ ವಾಚು ಇರುತ್ತಿತ್ತು. ತಿಳಿನೇರಳೆ ಪಟ್ಟಿಯ ಸ್ಮಾರ್ಟ್‌ವಾಚು. ಅವನ ದಪ್ಪ ಮಣಿಕಟ್ಟಿಗೆ ಕೊನೆಯ ತೂತಿನಲ್ಲಿ ಹೇಗೋ ಸಿಕ್ಕಿಸಿಕೊಂಡಿದ್ದ.

"ಏನಯ್ಯಾ ಆರ್ವೋ, ಬಣ್ಣ ಚೆನ್ನಾಗೊಪ್ಪುತ್ತೆ ನಿಂಗೆ. ಲಿಪ್‌ಸ್ಟಿಕ್ ಯಾವಾಗ ಹಚ್ಕೊಳ್ತೀಯಾ?" ಎಂದು ರೈನೋ ಕಿಚಾಯಿಸಿದ. ಆರ್ವೋ ಕೇಳಿಸದವನಂತೆ ನಡೆದ. ಕೇಳಿಸದಿರುವುದರಲ್ಲಿ ಅವನಿಗೆ ಇದೊಂದು ಅನುಕೂಲ.

ಕಳೆದ ಚಳಿಗಾಲಕ್ಕೆ ಆ ವಾಚಿಗೆ ಆರು ವರ್ಷ ತುಂಬಿತ್ತು. ಬೆಳಿಗ್ಗೆ ಪೂರ್ತಿ ಚಾರ್ಜ್ ಮಾಡಿದರೂ ಹತ್ತಕ್ಕೆಲ್ಲ ಉಸಿರು ಬಿಡುತ್ತಿತ್ತು. ಎರಡು ಸುತ್ತಿಗೊಮ್ಮೆ ಆರ್ವೋ ಬತ್ತಿದ ಕಾರಂಜಿಯ ಪಕ್ಕದ ಪ್ಲಗ್ಗಿನ ಬಳಿ ವಾಚಿಗೆ ವೈರು ಚುಚ್ಚಿ ಕೂರುತ್ತಿದ್ದ. ಅಷ್ಟರಲ್ಲೇ ಅವನ ಹೃದಯವೂ ತಕರಾರು ತೆಗೆಯಿತು. ಬಡಿಯುತ್ತ ಬಡಿಯುತ್ತ ಒಂದು ಗಳಿಗೆ ನಿಂತುಬಿಡುವುದು, ಕಣ್ಣು ಕತ್ತಲೆ ಬರುವುದು. ಜನವರಿಯಲ್ಲಿ ಸ್ವಂತ ಅಂಗಳದಲ್ಲೇ ಬಿದ್ದು ಅರ್ಧ ಗಂಟೆ ಹಿಮದಲ್ಲಿ ಮಲಗಿದ್ದ. ಕ್ಲಿನಿಕ್ಕಿಗೆ ನಾನೇ ಕರೆದುಕೊಂಡು ಹೋದೆ.

ನರ್ಸ್ ಜೊಸೆಟ್ ಖಡಕ್ ಹೆಂಗಸು. "ಪೇಸ್‌ಮೇಕರಿಗೆ ಸರದಿ ಬರೋಕೆ ಇನ್ನೂ ಎರಡು ಮೂರು ತಿಂಗಳಿದೆ. ಅಲ್ಲಿವರೆಗೂ ಒಬ್ಬರೇ ಇರ್ತೀರಿ. ಬಿದ್ರೆ ತಾನೇ ಆಂಬುಲೆನ್ಸಿಗೆ ಫೋನ್ ಮಾಡೋ ಹೊಸ ವಾಚ್ ತಗೊಳ್ಳಿ. ಈ ಆಟದ ಸಾಮಾನು ಬಿಸಾಕಿ," ಎಂದಳು.

ಆರ್ವೋ ವಾಚಿನ ಮೇಲೆ ಇನ್ನೊಂದು ಕೈ ಮುಚ್ಚಿಕೊಂಡ.

ಅಲ್ಲಿಂದ ಶುರುವಾಯಿತು ನೋಡಿ. ಮಾಲಿನ ಒಳಗೇ ಫೋನಿನ ಅಂಗಡಿ ಇದೆ. ದಿನಾ ಅದರ ಗಾಜಿನ ಮುಂದೆ ನಿಲ್ಲುತ್ತಾನೆ, ಹೊಸ ವಾಚುಗಳನ್ನು ನೋಡುತ್ತಾನೆ, ಮುಂದೆ ಹೋಗುತ್ತಾನೆ. ಒಂದು ವಾರ, ಎರಡು ವಾರ, ಫೆಬ್ರವರಿ ಅರ್ಧ. ನನಗೆ ತಡೆಯಲಾಗಲಿಲ್ಲ.

"ಎಂಥ ಜಿಪುಣ ಮಾರಾಯ ನೀನು! ಸತ್ತಾಗ ಪೆಟ್ಟಿಗೇಲಿ ತುಂಬ್ಕೊಂಡು ಹೋಗ್ತೀಯಾ ದುಡ್ಡನ್ನ?"

"ದುಡ್ಡಲ್ಲ," ಎಂದ.

"ಮತ್ತೇನು ನಿನ್ನ ಹಟ?"

ಕಾಫಿ ಮೇಜಿನ ಮೇಲೆ ಕೈ ಚಾಚಿ ವಾಚನ್ನು ನನ್ನ ಕಡೆ ತಿರುಗಿಸಿದ. ಪುಟ್ಟ ಪರದೆಯ ಮೇಲೆ ಅಕ್ಷರ ಮೂಡಿತ್ತು: 'ಭೇಷ್ ಇರ್ಮಾ! ಇನ್ನು ಹನ್ನೆರಡು ನಿಮಿಷ ನಡೆದರೆ ಇವತ್ತಿನ ಗುರಿ ಮುಟ್ಟುತ್ತೀರಿ.'

"ಬೆಳಿಗ್ಗೆ ಒಂದ್ಸಲ ಕರಿಯುತ್ತೆ. ಸಾಯಂಕಾಲ ಒಂದ್ಸಲ," ಎಂದ. "ಅವಳನ್ನ ಹೆಸರು ಹಿಡಿದು ಕರಿಯೋದು ಈ ಊರಲ್ಲಿ ಇದೊಂದೇ ಕಣೇ ಹೆಲ್ವಿ. ಹೊಸದು ಬಂದ್ರೆ ನನ್ನ ಹೆಸರು ಕರಿಯುತ್ತೆ. ನನ್ನ ಹೆಸರು ಕಟ್ಕೊಂಡು ನನಗೇನಾಗ್ಬೇಕು?"

ಒಟ್ಟಿಗೇ ಅಷ್ಟು ಮಾತು ಅವನ ಬಾಯಿಂದ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಾನೇನು ಹೇಳಬೇಕಿತ್ತು, ನೀವೇ ಹೇಳಿ. ಒಂದೇ ಒಂದು ಮಾತು. ಇರ್ಮಾ ನನಗೂ ಐವತ್ತು ವರ್ಷದ ಗೆಳತಿ, ಆಸ್ಪತ್ರೆಯ ಲಾಂಡ್ರಿಯಲ್ಲಿ ಇಬ್ಬರೂ ಒಂದೇ ಮೇಜಿನಲ್ಲಿ ಹಾಸಿಗೆ ಬಟ್ಟೆ ಮಡಿಸಿದವರು. ಅವಳ ಹೆಸರು ನನ್ನ ಗಂಟಲಿನವರೆಗೂ ಬಂತು. ಆದರೆ ನನ್ನ ಹಾಳು ಬಾಯಿ ಹೇಳಿದ್ದೇನು?

"ಕಾಫಿ ಆರ್ತಿದೆ, ಕುಡಿ."

ಅವನು ಕುಡಿದ. ಕೈ ಹಿಂದಕ್ಕೆ ಎಳೆದುಕೊಂಡ. ಅವತ್ತು ಮನೆಗೆ ಹೋಗಿ ನನ್ನನ್ನು ನಾನೇ ಬೈದುಕೊಂಡೆ. ನನ್ನ ಮನೆಯಲ್ಲೂ ಬೈಸಿಕೊಳ್ಳಲು ಬೇರೆ ಯಾರೂ ಇಲ್ಲ.

ಮಾರನೆಯ ವಾರ ಮತ್ತೊಮ್ಮೆ ಅವನಿಗೆ ಕಣ್ಣು ಕತ್ತಲೆ ಬಂದು ಎಸ್ಕಲೇಟರಿನ ಕಂಬಿ ಹಿಡಿದು ನಿಂತ. ಆ ಮಧ್ಯಾಹ್ನ ಒಬ್ಬನೇ ಹೋಗಿ ಹೊಸ ವಾಚು ಕೊಂಡ. ಹಳೆಯದನ್ನು ಕೊಟ್ಟರೆ ಬೆಲೆ ಇಳಿಸುತ್ತೇವೆಂದರಂತೆ, ಕೊಡಲಿಲ್ಲವಂತೆ. ತುರ್ತಿಗೆ ಸುದ್ದಿ ಮುಟ್ಟಿಸಲು ಯಾರಿದ್ದಾರೆಂದು ಕೇಳಿದಾಗ ನನ್ನ ನಂಬರು ಕೊಟ್ಟ. ಕಪ್ಪು ಪಟ್ಟಿ, ದೊಡ್ಡ ಮುಖ. ಅಬ್ಬಾ, ಒಂದು ಗಂಡಾಂತರ ಕಳೆಯಿತೆಂದು ನಾನು ನಿಟ್ಟುಸಿರು ಬಿಟ್ಟೆ. ಅದರಲ್ಲಿ ಯಾರ ಹೆಸರು ಹಾಕಿಸಿದ್ದಾನೆಂದು ನನಗೆ ಹೊಳೆಯಲೇ ಇಲ್ಲ. ಅಂಗಡಿಯವನು ಹೆಸರು ಕೇಳಿದಾಗ ಇವನು ಆ ಹೆಸರನ್ನು ಬಾಯಿಬಿಟ್ಟು ಹೇಳದೆ ಹಳೆಯ ವಾಚನ್ನು ಮುಂದೆ ಹಿಡಿದು, "ಇದರಲ್ಲಿ ಇರೋದನ್ನೇ ಹಾಕು," ಎಂದನಂತೆ.

ಮಾರ್ಚ್ ಹನ್ನೊಂದರ ಬೆಳಿಗ್ಗೆ ನನಗೆ ನೆಗಡಿ, ಮಾಲಿಗೆ ಹೋಗಲು ತಡವಾಗಿತ್ತು. ಬಾಗಿಲಲ್ಲಿ ಬೂಟು ಹಾಕಿಕೊಳ್ಳುತ್ತಿದ್ದೆ. ಫೋನು ಕಿರುಚಿತು. ನೋಡಿದೆ: 'ಇರ್ಮಾ ಕೊಸ್ಕೆಲಾ ಬಿದ್ದಿದ್ದಾರೆ. ಅವರಿಂದ ಉತ್ತರವಿಲ್ಲ.'

ಒಂದು ಕ್ಷಣ, ದೇವರಾಣೆ, ಸ್ಮಶಾನದ ದಿಕ್ಕಿಗೆ ನೋಡಿದೆ. ಆಮೇಲೆ ತಲೆ ಓಡಿತು. ಒಂದು ಬೂಟಿನ ದಾರ ಕಟ್ಟದೆಯೇ ಕಾರು ಹತ್ತಿದೆ.

ನಾನು ತಲುಪುವಾಗ ಆಂಬುಲೆನ್ಸು ಬಂದಾಗಿತ್ತು. ಅದರಲ್ಲಿ ಬಂದ ಇಬ್ಬರು ಒಳಗೆಲ್ಲ ಹುಡುಕುತ್ತಿದ್ದರು. ವಾಚು ಮಾಲಿನ ವಿಳಾಸ ಕೊಟ್ಟಿತ್ತೇ ಹೊರತು ಮಾಲಿನೊಳಗೆ ಎಲ್ಲಿ ಎಂದು ಹೇಳಿರಲಿಲ್ಲ. ಹೆಂಗಸು ಎಂದುಕೊಂಡು ಹೆಂಗಸರ ಶೌಚಾಲಯವನ್ನೆಲ್ಲ ನೋಡಿ ಬಂದಿದ್ದರು. ನಡೆಯುವ ಅಜ್ಜಿಯರನ್ನೆಲ್ಲ ನಿಲ್ಲಿಸಿ ಕೇಳುತ್ತಿದ್ದರು. ನಮ್ಮವರೆಲ್ಲ ಮುಖ ಮುಖ ನೋಡಿಕೊಳ್ಳುತ್ತಿದ್ದಾರೆ, ಹೆಸರು ಕೇಳಿ ಬಿಳುಚಿಕೊಂಡಿದ್ದಾರೆ, ಒಬ್ಬರಾದರೂ ಬಾಯಿ ಬಿಡಬೇಡವೇ! ಆಂಬುಲೆನ್ಸಿನವರಲ್ಲೊಬ್ಬ ನನ್ನ ಹತ್ತಿರ ಬಂದು, "ಅಮ್ಮಾ, ಇರ್ಮಾ ಅಂದ್ರೆ ನೀವೇನಾ?" ಎಂದ.

"ಇರ್ಮಾ ಸತ್ತು ಎರಡು ವರ್ಷ ಆಯ್ತು!" ಎಂದು ಕಿರುಚಿದೆ. ನನ್ನ ದನಿ ಷಟರಿಂದ ಷಟರಿಗೆ ಬಡಿದು ಹೋಯಿತು. "ಇರ್ಮಾನ ಗಂಡ! ಗಂಡಸನ್ನ ಹುಡುಕ್ರೋ, ಗಂಡಸನ್ನ!"

ಅವರು ಅವನ ಮುಂದೆಯೇ ಎರಡು ಸಲ ಹಾದು ಹೋಗಿದ್ದರು. ಬಿದ್ದವನು ಹೇಗೋ ಎದ್ದು ಬೆಂಚಿಗೆ ಒರಗಿದ್ದ, ಟೋಪಿ ಮುಖಕ್ಕೆ ಜಾರಿತ್ತು. ಮಾಲಿನ ಬೆಂಚಿನಲ್ಲಿ ನಿದ್ದೆ ಹೊಡೆಯುವ ಮುದುಕನನ್ನು ಯಾರು ತಿರುಗಿ ನೋಡುತ್ತಾರೆ? ಟೋಪಿ ಎತ್ತಿದಾಗ ತುಟಿ ನೀಲಿಯಾಗಿತ್ತು. ಇನ್ನು ಐದು ನಿಮಿಷ ಕಳೆದಿದ್ದರೆ, ಎಂದು ಡಾಕ್ಟರು ಹೇಳಿ ಅರ್ಧಕ್ಕೇ ನಿಲ್ಲಿಸಿದರು.

ಅವತ್ತೇ ಪೇಸ್‌ಮೇಕರ್ ಹಾಕಿದರು. ಮೂರನೆಯ ದಿನ ನೋಡಲು ಹೋದೆ. ಗೋಡೆಯ ಕಡೆ ತಿರುಗಿ ಮಲಗಿದ್ದ.

"ನರ್ಸ್ ಬೈದ್ಳು," ಎಂದ. "ಹೆಸರು ಬದಲಾಯಿಸಿದೆ. ಈಗ 'ಭೇಷ್ ಆರ್ವೋ' ಅನ್ನುತ್ತೆ. ಹಾಸಿಗೇಲಿ ಬಿದ್ದಿರೋನಿಗೆ ಎಂಥ ಭೇಷು." ವಾಚಿನ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡ. "ಹಳೇ ವಾಚು ಚಾರ್ಜೇ ಹಿಡೀತಿಲ್ಲ. ಇನ್ನು ಅವಳನ್ನ ಕರಿಯೋರೇ ಇಲ್ಲ."

ನನಗೆ ಅಳು ಬಂತು, ಸಿಟ್ಟೂ ಬಂತು. ಸಿಟ್ಟನ್ನೇ ಮುಂದೆ ಮಾಡಿದೆ.

"ಇರ್ಮಾ ಇದ್ದಿದ್ರೆ ನಿನ್ನ ಕಿವಿ ಹಿಂಡ್ತಿದ್ಳು, ಗೊತ್ತಾ?"

ಥಟ್ಟನೆ ತಿರುಗಿದ. ಕೇಳಿಸುವ ಕಿವಿಯನ್ನು ನನ್ನ ಕಡೆ ಮಾಡಿದ. "ಏನಂತ ಬೈತಿದ್ಳು?"

"ಏನಂತ ಅಂದ್ರೆ?"

"ಹೇಳು. ಅವಳು ಹೇಗೆ ಬೈತಿದ್ಳೋ ಹಾಗೇ ಹೇಳು."

ಹೇಳಿದೆ. ಇರ್ಮಾಳ ಹಾಗೆಯೇ ಸೊಂಟಕ್ಕೆ ಕೈ ಕೊಟ್ಟು, ಅವಳ ಹಾಗೆಯೇ ಮೂಗಿನಲ್ಲಿ ದನಿ ಎಳೆದು, "ಆರ್ವೋ ಕೊಸ್ಕೆಲಾ, ನಿನ್ನ ತಲೇಲಿರೋದು ಮಿದುಳೋ ಗೋಧಿ ಹೊಟ್ಟೋ!" ಎಂದು ಶುರುಮಾಡಿ ಹತ್ತು ನಿಮಿಷ ಬೈದೆ. ನಕ್ಕ. ಹೊಲಿಗೆ ನೋಯುತ್ತದೆಂದು ಎದೆ ಹಿಡಿದುಕೊಂಡು ನಕ್ಕ, ಆಮೇಲೆ ಅತ್ತ. ನಾನೂ ಅತ್ತೆ. ಮನೆಗೆ ಹೋಗಿ ಗುಂಡಿ ಡಬ್ಬಿ ಸುರುವಿ ಪಿನ್ನು ಹುಡುಕಿದೆ.

ಏಪ್ರಿಲಿನ ಎರಡನೆಯ ಶುಕ್ರವಾರ ಆರ್ವೋ ಮತ್ತೆ ಮಾಲಿಗೆ ಬಂದ. ಬರುವಷ್ಟರಲ್ಲಿ ನಾನು ಪಿನ್ನನ್ನು ಅದರ ಹಳೆಯ ತೂತಿಗೇ ಚುಚ್ಚಿಟ್ಟಿದ್ದೆ, ಮೆಡಿಸಿನ್ ಹ್ಯಾಟ್ ಊರಿಗೆ ಸ್ವಲ್ಪ ಈಚೆ. ಇರ್ಮಾ ಅಲ್ಲಿಯವರೆಗೆ ನಡೆದಿದ್ದಳು. ಆರ್ವೋ ಚೀಟಿಯ ಮೇಲಿನ ಹೆಸರನ್ನು ನೋಡುತ್ತ ಬಹಳ ಹೊತ್ತು ನಿಂತ. ಉಳಿದ ಹನ್ನೆರಡು ಜನವೂ ಕಾಫಿ ಲೋಟ ಹಿಡಿದು ಸುತ್ತ ನೆರೆದಿದ್ದರು. ರೈನೋ ಕೂಡ.

"ಈ ವಾರ ಎಷ್ಟು?" ಎಂದೆ.

ಹೊಸ ವಾಚು ನೋಡಿಕೊಂಡ. "ಒಂಬತ್ತು ಕಿಲೋಮೀಟರು. ಅವಳ ಲೆಕ್ಕಕ್ಕೆ ಹಾಕು."

"ಅವಳು ಅಂದ್ರೆ ಯಾರು? ಇಲ್ಲಿ ಆರು ಜನ ಹೆಂಗಸರಿದ್ದೀವಿ."

ನಾನು ಬೇಕೆಂದೇ ಕೇಳಿದೆ. ಅವನಿಗೂ ಅದು ಗೊತ್ತಾಯಿತು. ಎರಡು ವರ್ಷದಲ್ಲಿ ಅವನೂ ಆ ಹೆಸರನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ, ವಾಚಿನ ಕೈಲಿ ಹೇಳಿಸಿಕೊಳ್ಳುತ್ತಿದ್ದ. ಗಂಟಲು ಸರಿಮಾಡಿಕೊಂಡ.

"ಇರ್ಮಾಗೆ," ಎಂದ.

ಅವನಿಗೆ ತನ್ನ ದನಿ ಸರಿಯಾಗಿ ಕೇಳಿಸುವುದಿಲ್ಲವಲ್ಲ. ಮಾಲಿನ ಆ ತುದಿಯಲ್ಲಿದ್ದ ಕಾವಲುಗಾರನೂ ತಿರುಗಿ ನೋಡುವಷ್ಟು ಜೋರಾಗಿ ಹೇಳಿದ್ದ. ನಾನು ಪಿನ್ನು ಕಿತ್ತು ಒಂಬತ್ತು ಕಿಲೋಮೀಟರು ಮುಂದಕ್ಕೆ ಚುಚ್ಚಿದೆ.